ಗೋಧಿ ರೊಕ್ಕದ ಕನ್ನಡ ಪುಸ್ತಕಗಳು: ನೇಮಕಲ್ಲಿನಿಂದ ಕಂಡ ಪಿ.ಎಲ್. 480

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ಕನ್ನಡ ಎಂ.ಎ. ಓದೋರಿಗೆ ಅಮೆರಿಕದ ಅಧ್ಯಕ್ಷರ ವಿದೇಶಾಂಗ ನೀತಿ ಯಾಕೆ ಬೇಕು ಅಂತ ನಿಮಗೆ ಅನ್ನಿಸಬಹುದು. ನಾನು ಈ ವಿಷಯಕ್ಕೆ ಬಂದದ್ದು ಒಂದು ಪುಸ್ತಕ ಹುಡುಕುತ್ತಾ.

ನಮ್ಮೂರು ನೇಮಕಲ್ಲು. ಅನಂತಪುರ ಜಿಲ್ಲೆ, ರಾಯದುರ್ಗದ ಭಾಗ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ದಿನ ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನನ್ನ ಕಿರುಪ್ರಬಂಧದ ವಿಷಯ ಈ ಗಡಿಭಾಗದ ಹೆಂಗಸರ ಹಾಡುಗಳು. ಅದಕ್ಕೆ 1960ರ ದಶಕದಲ್ಲಿ ಅಚ್ಚಾದ ಒಂದು ಸಣ್ಣ ಸಂಗ್ರಹ ಬೇಕಿತ್ತು. ಒಂದು ಗ್ರಂಥಾಲಯದ ಪಟ್ಟಿಯಲ್ಲಿ ಹೆಸರಿತ್ತು, ಕಪಾಟಿನಲ್ಲಿ ಇರಲಿಲ್ಲ. ಇನ್ನೊಂದು ಕಡೆ 'ಗೆದ್ದಲು ತಿಂದಿದೆ' ಅಂದರು. ಕೊನೆಗೆ ಅದು ಸಿಕ್ಕಿದ್ದು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಓದುತ್ತಿದ್ದ ಪರಿಚಯದವರೊಬ್ಬರು ಹದಿನಾಲ್ಕು ಪುಟಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಅದರ ಒಳಪುಟದಲ್ಲಿ ಒಂದು ಗುರುತು ಇತ್ತು: ಪಿ.ಎಲ್. 480.

ಆ ಅಕ್ಷರಗಳನ್ನ ಅಜ್ಜಿಗೆ ಓದಿ ಹೇಳಿದಾಗ ಆಕೆ ಗೊತ್ತಿಲ್ಲ ಅಂದ್ಲು. ಅಮೆರಿಕದ ಗೋಧಿ ಅಂತ ಹೇಳಿದ ಮೇಲೆ ಎಲ್ಲಾ ನೆನಪಾಯಿತು. "ಮಳಿ ಇಲ್ಲ, ಜ್ವಾಳ ಇಲ್ಲ, ನವಣಿ ಇಲ್ಲ. ಸ್ಟೋರಿಗೆ ಆ ಕೆಂಪು ಗೋದಿ ಬಂತು. ರೊಟ್ಟಿ ತಟ್ಟಾಕ ಹೋದ್ರ ಕೈಗೇ ಅಂಟತಿತ್ತು. ಒಡೆದು ನುಚ್ಚು ಮಾಡಿ ಕುದಿಸಿ ಕುಡದ್ವಿ, ಏನ್ ಮಾಡಬೇಕು?" ಜೋಳದ ರೊಟ್ಟಿ ತಟ್ಟಿದ ಕೈಗೆ ಗೋಧಿ ಹಿಟ್ಟು ಬಗ್ಗಲ್ಲ, ಅದನ್ನ ಲಟ್ಟಿಸಬೇಕು. ನಮ್ಮ ಮನೆಯಲ್ಲಿ ಆಗ ಲಟ್ಟಣಿಗೆಯೇ ಇರಲಿಲ್ಲವಂತೆ.

ಹಾಗಾದರೆ ಗೋಧಿಯ ಗುರುತು ಕನ್ನಡ ಪುಸ್ತಕದ ಮೇಲೆ ಹೇಗೆ ಬಂತು? ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹತ್ತಿರ ಎರಡು ಸಂಗತಿ ಕೂಡಿಬಿದ್ದವು. ಒಂದು, ಗೋದಾಮು ತುಂಬಿ ಮಿಕ್ಕುವಷ್ಟು ಧಾನ್ಯ. ಇನ್ನೊಂದು, ಹೊಸದಾಗಿ ಸ್ವತಂತ್ರವಾದ ದೇಶಗಳು ಸೋವಿಯತ್ ಕಡೆಗೆ ವಾಲಿಬಿಡ್ತಾವೆ ಅನ್ನೋ ಭಯ. 1951ರಲ್ಲಿ ಟ್ರೂಮನ್ ಭಾರತಕ್ಕೆ 19 ಕೋಟಿ ಡಾಲರ್‌ನ ಧಾನ್ಯದ ಸಾಲ ಕೊಟ್ಟರು. ಆ ಸಾಲದ ಬಡ್ಡಿಯ ಒಂದು ಪಾಲಿನಲ್ಲಿ ನಮ್ಮ ವಿಶ್ವವಿದ್ಯಾಲಯಗಳಿಗೆ ಅಮೆರಿಕದ ಪುಸ್ತಕಗಳು ಬಂದವು. ಗೋಧಿಗೂ ಪುಸ್ತಕಕ್ಕೂ ನಂಟು ಬಿದ್ದದ್ದು ಅಲ್ಲಿಂದಲೇ. 1954ರ ಜುಲೈ 10ರಂದು ಐಸೆನ್‌ಹೋವರ್ ಸಹಿ ಹಾಕಿದ ಕಾನೂನೇ ಪಬ್ಲಿಕ್ ಲಾ 480. ಭಾರತದ ಜೊತೆ ಮೊದಲ ಒಪ್ಪಂದ ಆದದ್ದು 1956ರ ಆಗಸ್ಟಿನಲ್ಲಿ. ಕೆನಡಿ ಬಂದ ಮೇಲೆ ಇದನ್ನೇ 'ಶಾಂತಿಗಾಗಿ ಆಹಾರ' ಅಂತ ಕರೆದರು.

ಇದರಲ್ಲಿ ಮುಖ್ಯವಾದ್ದು ದುಡ್ಡು ಕೊಡುವ ರೀತಿ. ನಮ್ಮ ಹತ್ತಿರ ಡಾಲರ್ ಇರಲಿಲ್ಲ. ಅದಕ್ಕೇ ಗೋಧಿಯ ಬೆಲೆಯನ್ನ ರೂಪಾಯಿಯಲ್ಲೇ ಕೊಡಬಹುದು ಅಂತಾಯ್ತು. ಆ ರೂಪಾಯಿ ಭಾರತದಲ್ಲೇ, ಅಮೆರಿಕ ಸರ್ಕಾರದ ಹೆಸರಿನ ಖಾತೆಯಲ್ಲಿ ಜಮಾ ಆಗ್ತಿತ್ತು. ಬಹುಪಾಲು ಮತ್ತೆ ಭಾರತಕ್ಕೇ ಸಾಲವಾಗಿ, ಅನುದಾನವಾಗಿ ಬರ್ತಿತ್ತು. ಒಂದು ಪಾಲನ್ನ ಅಮೆರಿಕ ತನ್ನ ಖರ್ಚಿಗೆ ಇಟ್ಟುಕೊಳ್ತಿತ್ತು. ನಮ್ಮಪ್ಪ ಶಾಲೆಯಲ್ಲಿ ತಿಂದ ಕೇರ್ ಸಂಸ್ಥೆಯ ಉಪ್ಪಿಟ್ಟು ಮಾತ್ರ ಈ ಲೆಕ್ಕಕ್ಕೆ ಸೇರಲ್ಲ. ಅದು ಅದೇ ಕಾನೂನಿನ ದಾನದ ಭಾಗ, ಅದಕ್ಕೆ ರೂಪಾಯಿ ಕೊಡುವಂತಿರಲಿಲ್ಲ.

ಅಜ್ಜಿ ಹೇಳುವ ಕೆಂಪು ಗೋಧಿ 1965-67ರದ್ದು. 1964-65ರಲ್ಲಿ ದೇಶದ ಆಹಾರಧಾನ್ಯದ ಉತ್ಪಾದನೆ ಸುಮಾರು 8.9 ಕೋಟಿ ಟನ್. ಮರುವರ್ಷ ಬರ ಬಿದ್ದು ಅದು 7.2 ಕೋಟಿಗೆ ಇಳಿಯಿತು. ಅದರ ಮರುವರ್ಷವೂ ಚೇತರಿಸಲಿಲ್ಲ. 1966ರಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಧಾನ್ಯ ಹೊರಗಿನಿಂದ ಬಂತು. ಹಡಗಿನಿಂದ ನೇರ ಬಾಯಿಗೆ ಅನ್ನೋ ಮಾತು ಹುಟ್ಟಿದ್ದು ಆಗ.

ಆ ಹೊತ್ತಿಗೆ ಶ್ವೇತಭವನದಲ್ಲಿದ್ದವರು ಲಿಂಡನ್ ಜಾನ್ಸನ್. ಅವರು ವರ್ಷಗಟ್ಟಲೆಯ ಒಪ್ಪಂದ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ಗೋಧಿ ಬಿಡೋಕೆ ಶುರು ಮಾಡಿದರು. ಯಾವ ಹಡಗು ಯಾವಾಗ ಹೊರಡಬೇಕು ಅನ್ನೋದರ ಮೇಲೂ ಅವರ ಕಣ್ಣಿತ್ತು. ಇತಿಹಾಸಕಾರರು ಇದನ್ನ ಗಿಡ್ಡ ಹಗ್ಗದ ನೀತಿ ಅಂತಾರೆ. ಮೇಯೋ ಎಮ್ಮೆಯನ್ನ ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ಅದು ಎಷ್ಟು ದೂರ ಹೋದೀತು, ಯೋಚನೆ ಮಾಡಿ. ಜಾನ್ಸನ್ ಅವರಿಗೆ ಎರಡು ಉದ್ದೇಶ ಇದ್ದವು. ಭಾರತ ತನ್ನ ಬೇಸಾಯಕ್ಕೆ ಹೆಚ್ಚು ದುಡ್ಡು ಹಾಕಬೇಕು ಅನ್ನೋದು ಒಂದು. ಇದಕ್ಕೆ ನಮ್ಮ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ಅವರ ಒಪ್ಪಿಗೆಯೂ ಇತ್ತು; 1965ರ ನವೆಂಬರಿನಲ್ಲಿ ರೋಮಿನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಫ್ರೀಮನ್ ಜೊತೆ ಕೂತು ಮಾತಾಡಿಕೊಂಡಿದ್ದರು. ಇನ್ನೊಂದು ವಿಯೆಟ್ನಾಂ. ಅಲ್ಲಿನ ಬಾಂಬ್ ದಾಳಿಯನ್ನ ಭಾರತ ಟೀಕಿಸಿದ್ದು ಜಾನ್ಸನ್ ಅವರಿಗೆ ಸಹಿಸಲಿಲ್ಲ. 1966ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಹೋಗಿಬಂದರು. ಜೂನ್ 6ಕ್ಕೆ ರೂಪಾಯಿ ಅಪಮೌಲ್ಯ ಆಯಿತು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಜುಲೈನಲ್ಲಿ ಮಾಸ್ಕೋದಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದರು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಜಾನ್ಸನ್ ಹೊಸ ಗೋಧಿಯ ಮಂಜೂರಾತಿಯನ್ನ ತಡೆಹಿಡಿದು ಕೂತರು. ಆಗ ಬಿಹಾರ ಹಸಿದಿತ್ತು.

ಬೇಸಾಯ ಸುಧಾರಿಸಲಿ ಅನ್ನೋ ಒತ್ತಾಯ ತಪ್ಪಲ್ಲ ಅಂತ ವಾದಿಸೋರಿದ್ದಾರೆ, ಹಸಿರು ಕ್ರಾಂತಿಯನ್ನ ತೋರಿಸ್ತಾರೆ. ನಾನು ಆ ಮಾತನ್ನ ಅರ್ಧ ಒಪ್ತೀನಿ. ಹಸಿದವರ ಮುಂದೆ ತಟ್ಟೆ ಹಿಡಿದು, ನಮ್ಮ ಯುದ್ಧದ ಬಗ್ಗೆ ಸುಮ್ಮನಿರು ಅನ್ನೋದನ್ನ ಒಪ್ಪೋಕೆ ಆಗಲ್ಲ.

ಚಾಟಿನಲ್ಲಿ ಒಬ್ಬರು ಕೇಳಿದ್ದಾರೆ: ಕಾಂಗ್ರೆಸ್ ಗಿಡ ಬಂದದ್ದು ಈ ಗೋಧಿಯ ಜೊತೆಗೇ ಅಲ್ವಾ? ನಮ್ಮ ಕಡೆಯೂ ಹಾಗೇ ಹೇಳ್ತಾರೆ. ತೆಲುಗಿನವರು ಅದಕ್ಕೆ ವಯ್ಯಾರಿ ಭಾಮ ಅಂತ ಚೆಂದದ ಹೆಸರಿಟ್ಟಿದ್ದಾರೆ, ಮುಟ್ಟಿದರೆ ಮೈಯೆಲ್ಲ ತುರಿಕೆ. ಆದರೆ ಪುಣೆಯಲ್ಲಿ ಅದನ್ನ ಗುರುತಿಸಿದ್ದು 1955ರಲ್ಲಿ, ನಮ್ಮ ಮೊದಲ ಪಿ.ಎಲ್. 480 ಒಪ್ಪಂದಕ್ಕಿಂತ ಮುಂಚೆ. ಆಮೇಲೆ ಬಂದ ಗೋಧಿಯ ಜೊತೆ ಇನ್ನಷ್ಟು ಹರಡಿರಬಹುದು. ಮೊದಲ ಬೀಜದ ತಪ್ಪನ್ನ ಮಾತ್ರ ಈ ಕಾನೂನಿನ ತಲೆಗೆ ಕಟ್ಟೋದು ಕಷ್ಟ.

ಈಗ ಪುಸ್ತಕಕ್ಕೆ ಬರ್ತೀನಿ. 1958ರಲ್ಲಿ ಈ ಕಾನೂನಿಗೆ ಒಂದು ತಿದ್ದುಪಡಿ ಆಯಿತು. ಖಾತೆಯಲ್ಲಿ ಬಿದ್ದಿರೋ ಆಯಾ ದೇಶದ ದುಡ್ಡಿನಲ್ಲಿ ಅಲ್ಲಿನ ಪುಸ್ತಕಗಳನ್ನ ಕೊಳ್ಳೋಕೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಅನುಮತಿ ಸಿಕ್ಕಿತು. ಅದೇ ವರ್ಷ, ಸೋವಿಯತ್ತಿನ ಸ್ಪುಟ್ನಿಕ್ ಹಾರಿದ ಗಾಬರಿಯಲ್ಲಿ, ಐಸೆನ್‌ಹೋವರ್ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ದೇಶದ ರಕ್ಷಣೆಗಾಗಿ ಪರಭಾಷೆಗಳನ್ನ ಕಲಿಸಬೇಕು ಅನ್ನೋದು ಅದರ ಒಂದು ಭಾಗ. ಭಾಷೆ ಕಲಿಸೋಕೆ ಕಾನೂನು ಸಿಕ್ಕಿತು, ಓದೋಕೆ ಪುಸ್ತಕ ಕೊಳ್ಳಲು ಗೋಧಿಯ ರೂಪಾಯಿ ಸಿಕ್ಕಿತು. 1962ರಲ್ಲಿ ದೆಹಲಿಯಲ್ಲಿ ಲೈಬ್ರರಿಯ ಕಚೇರಿ ಕೆಲಸ ಶುರು ಮಾಡಿತು. ಹಿಂದಿ, ತಮಿಳು, ತೆಲುಗಿನ ಜೊತೆ ಕನ್ನಡದ ಪುಸ್ತಕಗಳೂ ಹಡಗು ಹತ್ತಿ ಚಿಕಾಗೋ, ಬರ್ಕಲಿ, ಪೆನ್ಸಿಲ್ವೇನಿಯಾಗಳ ಕಪಾಟು ಸೇರಿದವು. ಅದೇ 1962ರಲ್ಲಿ ನಮ್ಮ ಎ.ಕೆ. ರಾಮಾನುಜನ್ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ವಚನಗಳನ್ನ ಇಂಗ್ಲಿಷಿಗೆ ತಂದ ಅವರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಬಂತು. ಗೋಧಿಯಿಂದಲೇ ಆ ಪುಸ್ತಕ ಹುಟ್ಟಿತು ಅಂತ ನಾನು ಹೇಳ್ತಿಲ್ಲ, ಅಷ್ಟು ಸರಳ ಅಲ್ಲ. ಆದರೆ ಕನ್ನಡ ಕಲಿಸೋಕೆ ಅಲ್ಲಿ ಒಂದು ಕೋಣೆ, ಕಪಾಟು, ಸಂಬಳ ಇದ್ದದ್ದಕ್ಕೆ ಶೀತಲ ಸಮರ ಒಂದು ಕಾರಣ.

ಉಳಿದ ಲೆಕ್ಕ ಬೇಗ ಹೇಳಿಬಿಡ್ತೀನಿ. 1971ರ ಡಿಸೆಂಬರಿನಲ್ಲಿ ನಿಕ್ಸನ್ ಬಂಗಾಳ ಕೊಲ್ಲಿಯ ಕಡೆಗೆ ಎಂಟರ್‌ಪ್ರೈಸ್ ಯುದ್ಧನೌಕೆ ಕಳಿಸಿದ್ದು ನಿಮಗೆ ಗೊತ್ತೇ ಇದೆ. ಅದೇ ನಿಕ್ಸನ್ ಕಾಲದಲ್ಲೇ, 1974ರ ಫೆಬ್ರವರಿಯಲ್ಲಿ, ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದೇ ಚೆಕ್ಕು ಬರೆದು ಭಾರತಕ್ಕೆ ಕೊಟ್ಟರು. ರಾಶಿ ಬಿದ್ದಿದ್ದ ಗೋಧಿ ರೂಪಾಯಿಯ ಬಹುಪಾಲು ಹಾಗೆ ತೀರಿತು.

ನನ್ನ ಕೈಯಲ್ಲಿರೋದು ಆ ಹದಿನಾಲ್ಕು ಪುಟ. ಪೂರ್ತಿ ಪುಸ್ತಕ ಅಂತರ್ಜಾಲದಲ್ಲಿ ತೆರೆಯಲ್ಲ, ಹಕ್ಕುಸ್ವಾಮ್ಯದ ತಡೆ ಇದೆ. ಹೋದ ತಿಂಗಳು ಊರಿಗೆ ಹೋದಾಗ ಅದರಲ್ಲಿನ ಒಂದು ಬೀಸುವ ಹಾಡನ್ನ ಅಜ್ಜಿಗೆ ಓದಿ ಹೇಳಿದೆ. ಮೂರನೇ ಸಾಲಿಗೆ ತಡೆದಳು. "ಹಂಗಲ್ಲ ಅದು, ಬರಕೊಂಡೋರು ತಪ್ಪು ಬರಕೊಂಡಾರ" ಅಂತ ತಾನೇ ಹಾಡಿದಳು. ಅಚ್ಚಿನ ಸಾಲಿನಲ್ಲಿ ಪ್ರಾಸ ತಪ್ಪಿದೆ, ಅವಳ ಸಾಲಿನಲ್ಲಿ ಕೂಡುತ್ತೆ. ರೆಕಾರ್ಡ್ ಮಾಡ್ಕೊಂಡಿದ್ದೀನಿ, ಪ್ರಬಂಧದಲ್ಲಿ ಎರಡೂ ಪಾಠ ಕೊಡಬೇಕೋ, ಅವಳದ್ದನ್ನೇ ಮೇಲಿಟ್ಟು ಅಚ್ಚಿನದನ್ನ ಅಡಿಟಿಪ್ಪಣಿಗೆ ಹಾಕಬೇಕೋ ಅಂತ ಇನ್ನೂ ತೀರ್ಮಾನಿಸಿಲ್ಲ. ಇದರ ಬಗ್ಗೆ ನಿಮಗೆ ಏನನ್ನಿಸುತ್ತೆ, ಹೇಳಿ.