ನಾಲಗೆಯ ತುದಿಯಲ್ಲೇ ಮೂಗು!

ಹುಟ್ಟಿ ಇನ್ನೂ ಒಂದು ತುತ್ತೂ ತಿನ್ನದ ಹಾವಿನ ಮರಿ. ಬರೀ ನೀರಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಅದರ ಮೂತಿಯ ಮುಂದೆ ಹಿಡಿದರೆ ಒಂದೆರಡು ಸಲ ನಾಲಗೆ ಆಡಿಸಿ ಸುಮ್ಮನಾಗುತ್ತದೆ. ಅದೇ ಕಡ್ಡಿಯನ್ನು ಎರೆಹುಳು ತೊಳೆದ ನೀರಲ್ಲಿ ಅದ್ದಿ ಹಿಡಿಯಿರಿ, ಆಗ ನೋಡಬೇಕು! ನಾಲಗೆ ಪಟಪಟನೆ ಹೊರಗೆ ಒಳಗೆ ಆಡುತ್ತದೆ, ಕತ್ತು ಬಿಗಿಯುತ್ತದೆ, ಮರುಕ್ಷಣ ಬಾಯಿ ತೆರೆದು ಹತ್ತಿಗೇ ಗಬಕ್ಕನೆ ಬಾಯಿ ಹಾಕುತ್ತದೆ. ಎರೆಹುಳು ಅಂದರೇನು ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ತಾಯಿಯಂತೂ ಅಲ್ಲ. ಅವಳು ಹೆತ್ತವಳೇ ತನ್ನ ಪಾಡಿಗೆ ಹೊರಟುಹೋಗಿರುತ್ತಾಳೆ. 1960ರ ದಶಕದಲ್ಲಿ ಅಮೆರಿಕದ ಪ್ರಾಣಿವರ್ತನಾ ವಿಜ್ಞಾನಿ ಗಾರ್ಡನ್ ಬರ್ಘಾರ್ಟ್ ಗಾರ್ಟರ್ ಹಾವಿನ ಮರಿಗಳ ಮೇಲೆ ಮಾಡಿ ತೋರಿಸಿದ ಪ್ರಯೋಗ ಇದು. ತಮ್ಮ ಜಾತಿಯವರು ಏನು ತಿನ್ನುತ್ತಾರೋ ಅದರ ವಾಸನೆಯ ಗುರುತನ್ನು ಮರಿಗಳು ಹುಟ್ಟುತ್ತಲೇ ಹೊತ್ತು ಬಂದಿದ್ದವು.

ಅಂಥದೊಂದು ಜೀವ ಈಗ ಮಿನ್ನೆಸೋಟದ ನಮ್ಮ ಮನೆಯ ಹಾಲ್‌ನಲ್ಲಿ, ಪುಸ್ತಕದ ಕಪಾಟಿನ ಪಕ್ಕ, ಗಾಜಿನ ತೊಟ್ಟಿಯೊಳಗಿದೆ. ಕಪ್ಪು ಮೈ, ತಲೆಯಿಂದ ಬಾಲದವರೆಗೆ ಎಳೆದ ಮೂರು ಹಳದಿ ಗೆರೆ. ಉತ್ತರ ಅಮೆರಿಕದಲ್ಲಿ ಇದು ಹಿತ್ತಲ ಹಾವು. ಹುಲ್ಲು ಕತ್ತರಿಸುವವರ ಕಾಲಡಿ, ಕೆರೆಯ ದಂಡೆಯಲ್ಲಿ, ಮನೆಯ ಅಡಿಪಾಯದ ಸಂದಿನಲ್ಲಿ ಎಲ್ಲೆಂದರಲ್ಲಿ ಕಾಣುವಂಥದ್ದು. ಮ್ಯಾಸಚೂಸೆಟ್ಸ್ ರಾಜ್ಯವಂತೂ 2007ರಲ್ಲಿ ಇದನ್ನೇ ತನ್ನ ಅಧಿಕೃತ ಸರೀಸೃಪ ಎಂದು ಘೋಷಿಸಿತು. ಹಾವು ಸಾಕುವವರ ವಲಯದಲ್ಲಿ ಇದಕ್ಕೆ 'ಹೊಸಬರ ಹಾವು' ಎಂಬ ಸ್ವಲ್ಪ ತಾತ್ಸಾರದ ಬಿರುದೂ ಇದೆ. ಹೆಬ್ಬಾವು ಸಾಕುವವರು ಇತ್ತ ತಿರುಗಿಯೂ ನೋಡುವುದಿಲ್ಲ. ಪಾಪ, ಎಂಥ ನಷ್ಟ ಅವರಿಗೆ!

ಊರಿನ ಓದುಗರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಇಟ್ಟುಕೊಳ್ಳಲೂ ಬೇಡಿ. ಇಲ್ಲಿಯೂ ರಾಜ್ಯಕ್ಕೊಂದು ಕಾನೂನು. ಜಾರ್ಜಿಯ ರಾಜ್ಯದಲ್ಲಿ ವಿಷವಿಲ್ಲದ ಸ್ಥಳೀಯ ಹಾವನ್ನು ಸಾಕುವುದು ಅಪರಾಧ. ಸ್ಯಾನ್‌ಫ್ರಾನ್ಸಿಸ್ಕೊ ಗಾರ್ಟರ್ ಎಂಬ ನೀಲಿ-ಕೆಂಪು ಗೆರೆಗಳ ಸುಂದರಿ 1967ರಿಂದಲೂ ಅಳಿವಿನಂಚಿನ ಪಟ್ಟಿಯಲ್ಲಿದ್ದಾಳೆ, ಮುಟ್ಟುವ ಹಾಗಿಲ್ಲ. ಕಾಡಿನಿಂದ ಹಿಡಿದು ತಂದದ್ದರ ಹೊಟ್ಟೆ ತುಂಬ ಪರೋಪಜೀವಿಗಳು. ಆದ್ದರಿಂದ ಸಾಕಿದ ತಾಯಿಗೆ ಹುಟ್ಟಿದ ಮರಿಯನ್ನೇ ನಾವು ತಂದೆವು.

ತೀರ್ಥಹಳ್ಳಿಯಿಂದ ವಿಡಿಯೊ ಕಾಲ್‌ನಲ್ಲಿ ಅಮ್ಮ ನೋಡಿದಳು. "ಅಲ್ಲ ಕಣೇ, ಇದು ನಮ್ಮ ಗದ್ದೆಯ ನೀರುಹಾವಿನ ಹಾಗೇ ಇದೆಯಲ್ಲ!" ಹೌದಮ್ಮ, ಹೌದು! ಭತ್ತದ ಗದ್ದೆಯಲ್ಲಿ ಕಪ್ಪೆ ಹಿಡಿಯುವ ನಮ್ಮ ನೀರುಹಾವೂ ಈ ಗಾರ್ಟರೂ ಒಂದೇ ಉಪಕುಟುಂಬದ ದಾಯಾದಿಗಳು. ನಡುವೆ ಮಹಾಸಾಗರಗಳು ಬಿದ್ದಿವೆ ಅಷ್ಟೆ. ಅಲ್ಲಿಯದು ಮೊಟ್ಟೆಯಿಡುತ್ತದೆ, ಇದು ನೇರ ಮರಿ ಹಾಕುತ್ತದೆ, ಅದೂ ಒಂದು ಸೂಲಿಗೆ ಹತ್ತರಿಂದ ನಲವತ್ತು. ಅಮ್ಮನ ಕಣ್ಣಿಗೆ ಬಿದ್ದದ್ದು ವಿಜ್ಞಾನಿಗಳ ವಂಶವೃಕ್ಷದಲ್ಲೂ ಇದೆ ಎಂದು ಗೊತ್ತಾದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಈಗ ಆ ನಾಲಗೆಯನ್ನು ಹತ್ತಿರದಿಂದ ನೋಡೋಣ. ಗಾಜಿಗೆ ಮುಖವಿಟ್ಟು ಕೂತರೆ ಅದು ನಮ್ಮ ಕಡೆಗೇ ಬರುತ್ತದೆ, ಯಾಕೆಂದರೆ ಗಾರ್ಟರ್ ಹಗಲು ಓಡಾಡುವ ಹಾವು. ಇಡೀ ದಿನ ಸುತ್ತಿಕೊಂಡು ಮಲಗುವ ಜಾತಿಯಲ್ಲ. ಕೆಂಪು ನಾಲಗೆ, ತುದಿ ಕಪ್ಪು. ಬಾಯಿ ತೆರೆಯುವುದೇ ಇಲ್ಲ, ತುಟಿಯ ನಡುವಿನ ಕಿಂಡಿಯಿಂದಲೇ ಹೊರಬರುತ್ತದೆ. ಹೊರಬಂದ ಕೂಡಲೇ ಸೀಳಿನ ಎರಡೂ ತುದಿಗಳು ಅಗಲವಾಗಿ ಬಿಚ್ಚಿಕೊಳ್ಳುತ್ತವೆ, ಮೇಲಕ್ಕೂ ಕೆಳಕ್ಕೂ ಬೀಸಿ ಗಾಳಿಯಲ್ಲಿನ ಕಣಗಳನ್ನು ಬಳಿದುಕೊಂಡು ಒಳಗೆ ಹೋಗುತ್ತವೆ. ಅಂಗುಳಿನಲ್ಲಿ ಜೇಕಬ್ಸನ್ ಅಂಗ ಎಂಬ ಜೋಡಿ ಪರೀಕ್ಷಾಲಯ ಕಾದಿರುತ್ತದೆ. ಎಡ ತುದಿಯಲ್ಲಿ ವಾಸನೆ ಹೆಚ್ಚೋ ಬಲ ತುದಿಯಲ್ಲೋ? ಆ ಕೂದಲೆಳೆಯ ವ್ಯತ್ಯಾಸವೇ ದಾರಿ ತೋರಿಸುತ್ತದೆ. ಸೀಳುನಾಲಗೆ ಎಂದು ನಾವು ಬೈಗುಳಕ್ಕೆ ಬಳಸಿಕೊಂಡದ್ದು ಅಸಲಿಗೆ ದಿಕ್ಸೂಚಿ! ಇದು ತಿಳಿದ ಮೇಲೆ ನನ್ನ ಸಾಕಣೆಯ ಲೆಕ್ಕವೇ ಬದಲಾಯಿತು. ನಮ್ಮ ಕಣ್ಣಿಗೆ ಚೆಂದ ಕಾಣಲಿ ಎಂದು ತೊಟ್ಟಿಯೊಳಗೆ ಏನೇ ಇಟ್ಟರೂ ಅದಕ್ಕೆ ಅದೊಂದು ಹೊಸ ವಾಸನೆ ಮಾತ್ರ. ನಾವು ನೋಡುವ ಮನೆ ಬೇರೆ, ಅದು ಮೂಸುವ ಮನೆ ಬೇರೆ.

ವ್ಯವಸ್ಥೆ ದೊಡ್ಡದೇನಲ್ಲ. ಒಂದು ವಯಸ್ಕ ಹಾವಿಗೆ ಇಪ್ಪತ್ತು ಗ್ಯಾಲನ್ನಿನ, ಎಂದರೆ ಸುಮಾರು 75 ಲೀಟರಿನ ಉದ್ದನೆಯ ತೊಟ್ಟಿ. ಒಂದು ತುದಿಯಲ್ಲಿ ದೀಪದ ಕೆಳಗೆ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಇನ್ನೊಂದು ತುದಿ 22-23. ಬಿಸಿಲು ಕಾಯಬೇಕೋ ನೆರಳಿಗೆ ಸರಿಯಬೇಕೋ ಅದೇ ತೀರ್ಮಾನಿಸುತ್ತದೆ. ಎರಡೂ ಕಡೆ ಅಡಗಲು ತಾವು, ಒಂದು ಬೋಗುಣಿ ನೀರು, ಅಡಿಗೆ ಒಣ ಮರದ ಚೂರು. ಸದಾ ಒದ್ದೆಯಿದ್ದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಮುಚ್ಚಳಕ್ಕೆ ಮಾತ್ರ ಕ್ಲಿಪ್ ಬೇಕೇ ಬೇಕು. ಗಾರ್ಟರ್ ಮರಿಗೆ ತಲೆ ತೂರುವಷ್ಟು ಸಂದಿ ಸಿಕ್ಕರೆ ಸಾಕು, ಉಳಿದ ಮೈ ಹಿಂದೆಯೇ ಬರುತ್ತದೆ.

ನಿಜವಾದ ಬೆರಗು ಕಾದಿದ್ದದ್ದು ಊಟದಲ್ಲಿ. ಮೀನು ಹಿಡಿಯುವವರ ಅಂಗಡಿಯಲ್ಲಿ ಸಿಗುವ ದೊಡ್ಡ ಎರೆಹುಳು ಕೊಟ್ಟರೆ ಹಬ್ಬ. ಆದರೆ ಗೊಬ್ಬರದ ಕೆಂಪು ಎರೆಹುಳು ಕೂಡದು! ನಮ್ಮ ಕಡೆ ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಕುತ್ತಾರಲ್ಲ, ಐಸೀನಿಯ ಫೆಟಿಡ, ಅದೇ. ಕೆಣಕಿದರೆ ಹಳದಿ ದ್ರವ ಸುರಿಸುವ ಆ ಹುಳು ಹಾವಿಗೆ ವಿಷ. ರೈತನ ಮಿತ್ರ, ಗಾರ್ಟರಿನ ಶತ್ರು. ಇನ್ನು ಮೀನು. ಅಕ್ವೇರಿಯಂ ಅಂಗಡಿಯ ಗೋಲ್ಡ್‌ಫಿಷ್ ಅಗ್ಗ, ಆದರೆ ಅದರ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಕತ್ತರಿಸಿಹಾಕುತ್ತದೆ. ವಾರಗಟ್ಟಲೆ ಅದನ್ನೇ ತಿನ್ನಿಸಿದರೆ ಹಾವು ನಡುಗುತ್ತದೆ, ಮಗುಚಿಕೊಳ್ಳುತ್ತದೆ, ಸೆಳೆತ ಬಂದು ಸಾಯಲೂಬಹುದು. ಫ್ರೀಜರಿನಲ್ಲಿಟ್ಟರೂ ಆ ಕಿಣ್ವ ಸಾಯುವುದಿಲ್ಲ. ಪಾಲಿಶ್ ಮಾಡಿದ ಅಕ್ಕಿಯನ್ನೇ ಉಂಡು ಬೆರಿಬೆರಿ ಬರಿಸಿಕೊಂಡ ಏಷ್ಯಾದ ಅನ್ನದ ನಾಡುಗಳ ಚರಿತ್ರೆಯನ್ನು ಶಾಲೆಯಲ್ಲಿ ಓದಿದ್ದೆ. ಅಲ್ಲಿ ಕಳೆದುಹೋದದ್ದೂ ಇದೇ ಬಿ1! ಅನ್ನ ಉಣ್ಣುವ ಮನುಷ್ಯ, ಮೀನು ನುಂಗುವ ಹಾವು, ಇಬ್ಬರ ನರಗಳೂ ಒಂದೇ ಚಿಟಿಕೆ ಪದಾರ್ಥಕ್ಕೆ ಜೋತುಬಿದ್ದಿವೆ. ಗಪ್ಪಿ, ಟಿಲಾಪಿಯ, ಸಾಮನ್ ಮೀನುಗಳಲ್ಲಿ ಆ ಕಾಟವಿಲ್ಲ. ಜೊತೆಗೆ ಆಗೊಮ್ಮೆ ಈಗೊಮ್ಮೆ ಫ್ರೀಜರಿನ ಪುಟ್ಟ ಇಲಿಮರಿ. ಐಸ್‌ಕ್ರೀಮ್ ಡಬ್ಬಿಯ ಪಕ್ಕ ಅದನ್ನಿಡಲು ನನ್ನ ಗಂಡ ಒಪ್ಪಿದ್ದು ಬೇರೆಯೇ ಒಂದು ಪವಾಡ.

ಊಟದ ವಿಚಾರದಲ್ಲಿ ಈ ಕುಲ ಮಾಡಿರುವ ಸಾಹಸ ಕೇಳಿ. ಕ್ಯಾಲಿಫೋರ್ನಿಯದಲ್ಲಿ ಒಂದೇ ಜಾತಿಯ ಗಾರ್ಟರ್ ಕರಾವಳಿಯಲ್ಲೂ ಇದೆ, ಒಳನಾಡಿನಲ್ಲೂ ಇದೆ. ಕರಾವಳಿಯಲ್ಲಿ ಚಿಪ್ಪಿಲ್ಲದ ಬಸವನಹುಳು ಹೇರಳ, ಒಳನಾಡಿನಲ್ಲಿ ಇಲ್ಲ. ಸ್ಟೀವನ್ ಆರ್ನಾಲ್ಡ್ ಎಂಬ ವಿಜ್ಞಾನಿ ಎರಡೂ ಕಡೆಯ ಹಸುಗೂಸು ಮರಿಗಳ ಮುಂದೆ ಬಸವನಹುಳು ಇಟ್ಟರು. ಕರಾವಳಿಯ ಮರಿಗಳು ಚಪ್ಪರಿಸಿದವು, ಒಳನಾಡಿನ ಬಹುಪಾಲು ಮರಿಗಳು ಉಪವಾಸ ಬಿದ್ದರೂ ಮುಟ್ಟಲಿಲ್ಲ! ಇನ್ನೂ ಉತ್ತರಕ್ಕೆ, ಆರೆಗನ್ನಿನ ಕಡೆ ಹೋದರೆ ಒರಟು ಮೈಯ ನ್ಯೂಟ್ ಎಂಬ ಉಭಯವಾಸಿ ಇದೆ. ಅದರ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್, ಬಲೂನಿನಂತೆ ಉಬ್ಬುವ ಪಫರ್ ಮೀನಿನಲ್ಲಿರುವ ಅದೇ ನರವಿಷ. ಕಾಫಿ ಕೆಟಲಿನಲ್ಲಿ ನ್ಯೂಟ್ ಬಿದ್ದಿದ್ದು ಗೊತ್ತಾಗದೆ ಮೂವರು ಬೇಟೆಗಾರರು ಸತ್ತರು ಎಂಬ ದಂತಕಥೆ ಆ ಸೀಮೆಯಲ್ಲಿದೆ. ಎಡ್ಮಂಡ್ ಬ್ರೋಡಿ ಎಂಬ ವಿದ್ಯಾರ್ಥಿ ಆ ಕಥೆಯ ಬೆನ್ನು ಹತ್ತಿದ, ಮುಂದೆ ಅದೇ ಹೆಸರಿನ ಮಗನೂ ವಿಜ್ಞಾನಿಯಾಗಿ ಅಪ್ಪನ ಜೊತೆ ಸೇರಿದ. ಅವರು ಕಂಡದ್ದು ಇದು: ಅಂಥ ನ್ಯೂಟನ್ನು ಗಾರ್ಟರ್ ಹಾವು ನುಂಗಿ ಆರಾಮಾಗಿರುತ್ತದೆ! ಅದರ ಸ್ನಾಯುಗಳ ಸೋಡಿಯಂ ದ್ವಾರಗಳು ಚೂರೇ ಚೂರು ಮಾರ್ಪಟ್ಟಿವೆ, ವಿಷ ಅಲ್ಲಿ ಕಚ್ಚಿಕೊಳ್ಳುವುದಿಲ್ಲ. ನ್ಯೂಟಿನ ವಿಷ ಏರಿದಂತೆ ಹಾವಿನ ತಾಳಿಕೆಯೂ ಏರುತ್ತಾ ಬಂದಿದೆ. ಆದರೆ ಪುಕ್ಕಟೆಯಲ್ಲ. ಹೆಚ್ಚು ತಾಳುವ ಹಾವುಗಳು ಹರಿದಾಡುವುದರಲ್ಲಿ ನಿಧಾನ. ಒಂದನ್ನು ಪಡೆಯಲು ಇನ್ನೊಂದನ್ನು ತೆತ್ತಿವೆ. ನಮ್ಮ ತೊಟ್ಟಿಯಲ್ಲಿ ಟಿಲಾಪಿಯ ತುಂಡಿಗೆ ಕಾದಿರುವ ಈ ಬಡಪಾಯಿಯ ಬಳಗದವರು ಇಂಥ ಪಟ್ಟು ಹಿಡಿದವರು!

ಎತ್ತಿಕೊಳ್ಳುವುದರ ಬಗ್ಗೆ ಎರಡೇ ಮಾತು. ಮೊದಮೊದಲು ಹಿಡಿದಾಗ ಬಾಲದ ಬುಡದಿಂದ ಒಂದು ದ್ರವ ಬಿಡುತ್ತದೆ, ಅದರ ನಾತ ಸೋಪಿಗೆ ಬಗ್ಗುವುದಿಲ್ಲ. ಉಂಡ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದ ಮೇಲೆ ಕೈ ತೊಳೆಯದೆ ಇರಬಾರದು.

ಪೊರೆ ಬಿಡುವ ಮುನ್ನ ಕಣ್ಣು ಹಾಲುನೀಲಿಯಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಚಿಪ್ಪೊಂದಿದೆ, ಪೊರೆಯ ಜೊತೆ ಅದೂ ಕಳಚಬೇಕು. ಮಗಳು ಕಲ್ಲಿನ ಸಂದಿಯಲ್ಲಿ ಸಿಕ್ಕ ಪೊರೆಯನ್ನು ಭೂತಗನ್ನಡಿಯ ಕೆಳಗೆ ಹರಡಿದಳು. ಬೆನ್ನಿನ ಪ್ರತಿ ಹುರುಪೆಯ ನಡುವೆಯೂ ಸಣ್ಣದೊಂದು ಏಣು, ಹೊಟ್ಟೆಯ ಕಡೆ ಅಡ್ಡಡ್ಡ ಅಗಲ ಪಟ್ಟಿಗಳು, ತಲೆಯ ಭಾಗದಲ್ಲಿ ಎರಡು ದುಂಡನೆಯ ಪುಟಾಣಿ ಕಿಟಕಿಗಳು. ಕಣ್ಣು ನೋಡುತ್ತಿದ್ದ ಜಾಗ! ಬಣ್ಣ ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಳದಿ ಗೆರೆಗಳು ಹಾವಿನ ಜೊತೆಯೇ ಹೊರಟುಹೋಗಿದ್ದವು.

ಇಷ್ಟಾದ ಮೇಲೆ ನಾರ್ಸಿಸ್‌ಗೆ ಹೋಗದೆ ಇರುವುದುಂಟೆ? ಕೆನಡದ ಮ್ಯಾನಿಟೋಬದಲ್ಲಿ, ವಿನಿಪೆಗ್‌ನಿಂದ ಉತ್ತರಕ್ಕೆ ಸುಮಾರು 130 ಕಿಲೊಮೀಟರು. ಅಲ್ಲಿ ನೆಲದಡಿ ಸುಣ್ಣಕಲ್ಲಿನ ಬಿರುಕುಗಳು. ಹೊರಗೆ ಎಲ್ಲವೂ ಹೆಪ್ಪುಗಟ್ಟುವ ಚಳಿಗಾಲದಲ್ಲಿ ಕೆಂಪು ಪಕ್ಕೆಯ ಗಾರ್ಟರುಗಳು ಹಿಮ ತಲುಪದ ಆಳಕ್ಕಿಳಿದು ತಿಂಗಳುಗಟ್ಟಲೆ ಅನ್ನವಿಲ್ಲದೆ ಬಿದ್ದಿರುತ್ತವೆ. ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಹತ್ತಾರು ಸಾವಿರ ಹಾವುಗಳು ಮೇಲೆ ಉಕ್ಕುತ್ತವೆ. ಜಗತ್ತಿನಲ್ಲಿ ಇಷ್ಟು ಹಾವುಗಳು ಒಂದೆಡೆ ಸೇರುವುದು ಇನ್ನೆಲ್ಲೂ ಇಲ್ಲ. ಕಟಕಟೆ ಹಿಡಿದು ಹೊಂಡದೊಳಗೆ ನೋಡುತ್ತೇನೆ, ನೆಲವೇ ಚಲಿಸುತ್ತಿದೆ! ಒಣ ತರಗೆಲೆಗಳ ಮೇಲೆ ಗಾಳಿ ಹಾದಂಥ ಸರಸರ ಸದ್ದು, ಅಷ್ಟೂ ಹುರುಪೆಗಳು ಒಂದಕ್ಕೊಂದು ಉಜ್ಜುವ ಸದ್ದು. ಮೊದಲೇ ಬಂದು ಕಾದ ಗಂಡುಗಳು ಒಂದು ಹೆಣ್ಣು ಹೊರಬಂದದ್ದೇ ತಡ ಹತ್ತು, ಇಪ್ಪತ್ತು, ಐವತ್ತು ಮುತ್ತಿಕೊಂಡು ಗಂಟಾಗಿ ಉರುಳುತ್ತವೆ. ಕರೆದದ್ದು ಅವಳ ಚರ್ಮದ ವಾಸನೆ. ಆಗಷ್ಟೇ ಮೇಲೆ ಬಂದ ಕೆಲವು ಗಂಡುಗಳೂ ಅದೇ ಹೆಣ್ಣಿನ ವಾಸನೆ ಸೂಸುತ್ತವಂತೆ! ಬಿಸಿಲು ಕಾಯಿಸಿಕೊಂಡ ಬೇರೆ ಗಂಡುಗಳು ಮೋಸಹೋಗಿ ಮೈಮೇಲೆ ಬೀಳುತ್ತವೆ, ಈ ಚಳಿಹಿಡಿದವನಿಗೆ ಪುಕ್ಕಟೆ ಕಂಬಳಿ, ಕಾಗೆಗಳಿಂದ ಮರೆ. ರಾಬರ್ಟ್ ಮೇಸನ್, ರಿಚರ್ಡ್ ಶೈನ್ ಮೊದಲಾದ ವಿಜ್ಞಾನಿಗಳು ವರ್ಷಗಟ್ಟಲೆ ಈ ಹೊಂಡಗಳಲ್ಲಿ ಕೂತು ಇದನ್ನೆಲ್ಲ ಬಿಡಿಸಿದರು. ಹೆದ್ದಾರಿಯಲ್ಲಿ ಚಕ್ರಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ರಸ್ತೆಯ ಅಡಿಯಲ್ಲಿ ಸುರಂಗ ಕೊರೆದು, ಪಕ್ಕದಲ್ಲಿ ಬೇಲಿ ಕಟ್ಟಿದ್ದಾರೆ. ಹಾವಿಗೊಂದು ಅಂಡರ್‌ಪಾಸ್! ಬೆಂಗಳೂರಿನಲ್ಲಿ ಮನುಷ್ಯನಿಗೇ ಸರಿಯಾದದ್ದು ಸಿಗುವುದಿಲ್ಲ.

ಮನೆಗೆ ಬಂದ ಮೇಲೆ ತೊಟ್ಟಿಯ ಮುಂದೆ ನಿಂತಾಗ ಹೊಸ ಪ್ರಶ್ನೆ ಹುಟ್ಟಿತು. ಅಷ್ಟೊಂದು ಜನಜಂಗುಳಿಯ ಕುಲದ ಹಾವನ್ನು ಒಂಟಿಯಾಗಿಟ್ಟರೆ ಅದಕ್ಕೆ ತಿಳಿಯುತ್ತದೆಯೆ? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕೆನಡದ ವಿಲ್‌ಫ್ರಿಡ್ ಲಾರಿಯರ್ ವಿಶ್ವವಿದ್ಯಾಲಯದ ಮಾರ್ಗನ್ ಸ್ಕಿನ್ನರ್ ಮತ್ತು ನೋಮ್ ಮಿಲ್ಲರ್ 2020ರಲ್ಲಿ ಪ್ರಕಟಿಸಿದ ಅಧ್ಯಯನ. 40 ಎಳೆಯ ಗಾರ್ಟರುಗಳು, ಹತ್ತು ಹತ್ತರ ಗುಂಪು, ಗುಂಪಿಗೆ ಕೆಲವೇ ಗೂಡು. ದಿನಕ್ಕೆರಡು ಬಾರಿ ಎಲ್ಲವನ್ನೂ ಎತ್ತಿ, ವಾಸನೆ ಉಳಿಯದಂತೆ ತೊಳೆದು, ಜಾಗ ಅದಲುಬದಲು ಮಾಡಿ ಬಿಟ್ಟರು. ಹಾವುಗಳು ಹರಿದು ಹೋಗಿ ತಮಗೆ ಬೇಕಾದ ಜೊತೆಗಾರರನ್ನೇ ಮತ್ತೆ ಕೂಡಿಕೊಂಡವು! ಗೆಳೆತನ ಎಂದು ವಿಜ್ಞಾನಿಗಳು ಹಿಂಜರಿಯುತ್ತಾ ಹೇಳುತ್ತಾರೆ, ನಾನು ಹಿಂಜರಿಯದೆ ಹೇಳುತ್ತೇನೆ. 2024ರಲ್ಲಿ ಅದೇ ಪ್ರಯೋಗಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಾಣಿಗೆ 'ನಾನು' ಎಂಬುದು ಗೊತ್ತೇ ಎಂದು ಪರೀಕ್ಷಿಸಲು ಕನ್ನಡಿ ಹಿಡಿಯುವುದು ವಾಡಿಕೆ. ಮೂಸಿ ಬದುಕುವವನಿಗೆ ಕನ್ನಡಿ ಯಾತಕ್ಕೆ? ಅವರು ಹಾವಿನ ಮೈಯ ವಾಸನೆಯನ್ನೇ ಹತ್ತಿಯಲ್ಲಿ ತೆಗೆದು, ಅದಕ್ಕೆ ಆಲಿವ್ ಎಣ್ಣೆ ಬೆರೆಸಿ ಮುಂದಿಟ್ಟರು. ಬೇರೆ ಹಾವಿನ ವಾಸನೆಗೂ ಹಾಗೆಯೇ ಎಣ್ಣೆ ಬೆರೆಸಿದರು. ಗಾರ್ಟರುಗಳು ಹೆಚ್ಚು ಹೊತ್ತು ನಾಲಗೆ ಆಡಿಸಿದ್ದು ಎಣ್ಣೆ ಬೆರೆತ ಸ್ವಂತ ವಾಸನೆಯ ಮುಂದೆ. ಇದು ನಾನೇ, ಆದರೆ ನನಗೇನಾಗಿದೆ? ಒಂಟಿ ಎಂದೇ ಹೆಸರಾದ ಬಾಲ್ ಹೆಬ್ಬಾವಿಗೆ ಅದೇ ಪರೀಕ್ಷೆ ಕೊಟ್ಟರೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಹೆಬ್ಬಾವು ಸಾಕುವವರೇ, ಕೇಳಿಸಿತೆ?

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅದಕ್ಕೊಂದು ಜೊತೆ ತರಬಾರದೇನೇ?" ಎಂದಳು. ಪಕ್ಕದಲ್ಲಿದ್ದ ಮಗಳು, "ಅಜ್ಜೀ, ನೀನೇ ಹೇಳು ಅಮ್ಮಂಗೆ!" ಎಂದು ಕುಣಿದಳು. ತರುವುದಾದರೆ ಇನ್ನೊಂದು ಹೆಣ್ಣೇ ಆಗಬೇಕು, ಗಂಡು ತಂದರೆ ಮುಂದಿನ ಬೇಸಿಗೆಗೆ ಮೂವತ್ತು ಮರಿಗಳಿಗೆ ಮನೆ ಹುಡುಕಬೇಕಾದೀತು. ರೋಗ ಹತ್ತದಂತೆ ಹೊಸದನ್ನು ಕೆಲವು ವಾರ ಬೇರೆ ಕೋಣೆಯಲ್ಲಿಡಬೇಕು, ಊಟವನ್ನು ಬೇರೆ ಬೇರೆಯಾಗಿ ಕೊಡಬೇಕು. ಒಂದೇ ಹುಳುವಿನ ಎರಡು ತುದಿ ಹಿಡಿದ ಗಾರ್ಟರುಗಳಲ್ಲಿ ದೊಡ್ಡದು ಚಿಕ್ಕದನ್ನೂ ಸೇರಿಸಿ ನುಂಗಿಬಿಡುವುದುಂಟು. ಅಮ್ಮನಿಗೆ ಅಷ್ಟು ಹೇಳುವಷ್ಟರಲ್ಲಿ ಮಗಳು ನೆಲಮಾಳಿಗೆಯಿಂದ ಹಳೆಯ ತೊಟ್ಟಿ ತಂದು ಒರೆಸಲು ಕೂತಿದ್ದಳು.