ದೊಡ್ಡನೆಕ್ಕುಂದಿಯನ್ನು ಹುಡುಕಿಕೊಡುವ ಗಣಿತ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಪಕ್ಕದ ದೊಡ್ಡನೆಕ್ಕುಂದಿಯ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಕೆಲವರು ‘ಕೆ’ ಅಕ್ಷರವನ್ನು ಎರಡು ಸಲ ಬರೆದರೆ ಕೆಲವರು ಒಂದೇ ಸಲ ಬರೆಯುತ್ತಾರೆ. ಸ್ವರಗಳು ಅದಲುಬದಲಾಗಿ ‘ದೊಡ್ಡೆನಕುಂದಿ’ ಎಂದು ಓದಿಸಿಕೊಳ್ಳುವ ರೂಪವೂ ಬಳಕೆಯಲ್ಲಿದೆ. ಪ್ರೋಗ್ರಾಮಿಂಗ್ ಹೊಸದಾಗಿ ಕಲಿತವರು ಬಾಡಿಗೆ ಮನೆಗಳ ಜಾಲತಾಣವೊಂದನ್ನು ಕಟ್ಟಿದರೆ, ಅದರ ಹುಡುಕಾಟ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದರಿಂದ, ಪಟ್ಟಿಯಲ್ಲಿ ಮನೆಯಿದ್ದರೂ ಇಲ್ಲವೆಂಬ ಉತ್ತರವೇ ಬರುತ್ತದೆ. ಇಂಥ ತಪ್ಪುಗಳನ್ನು ಸಹಿಸಿಕೊಂಡು ಸಮೀಪದ ಪದವನ್ನು ಹುಡುಕಿಕೊಡುವ ವಿಧಾನವೇ ಫಜಿ ಸರ್ಚ್.

ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಮಂಡಿಸಿದ ಅಳತೆಯ ಪ್ರಕಾರ, ಒಂದು ಪದವನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆಯೇ ಆ ಪದಗಳ ನಡುವಿನ ದೂರ. ಒಂದು ‘ಕೆ’ ಬಿಟ್ಟುಹೋದರೆ ದೂರ 1. ‘ದೊಡ್ಡೆನಕುಂದಿ’ಗಾದರೋ ಅದು 3. ಎಲಾಸ್ಟಿಕ್‌ಸರ್ಚ್ ತಂತ್ರಾಂಶ 2ಕ್ಕಿಂತ ಹೆಚ್ಚಿನ ದೂರವನ್ನು ಒಪ್ಪುವುದಿಲ್ಲವಾದ್ದರಿಂದ ಊರು ಅಲ್ಲಿ ಕೈತಪ್ಪುತ್ತದೆ. ಕನ್ನಡ ಲಿಪಿಯಲ್ಲೂ ತೊಡಕು ತಪ್ಪಿದ್ದಲ್ಲ: ‘ನೆಕ್ಕುಂದಿ’ಯಲ್ಲಿ ಒತ್ತಕ್ಷರ ಬಿಟ್ಟರೆ ಕಣ್ಣಿಗೆ ಒಂದೇ ತಪ್ಪು, ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ಹಲಂತ ಚಿಹ್ನೆ (್) ಮತ್ತು ‘ಕ’ ಸೇರಿ ಎರಡು.

ಊರ ಹೆಸರುಗಳಿಗೆ ಟ್ರೈಗ್ರಾಮ್ ವಿಧಾನವೇ ಹೆಚ್ಚು ಒಗ್ಗುತ್ತದೆ. ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ಒಂದೇ ಆದೇಶದಿಂದ ಸಕ್ರಿಯವಾಗುವ ಈ ಸೌಲಭ್ಯವು ಪದದ ಆರಂಭಕ್ಕೆ ಎರಡು, ಕೊನೆಗೆ ಒಂದು ಖಾಲಿ ಜಾಗ ಸೇರಿಸಿ, ಅದನ್ನು ಮೂರಕ್ಷರದ ತುಣುಕುಗಳಾಗಿ ಕತ್ತರಿಸಿ, ಎರಡು ಪದಗಳ ಸಮಾನ ತುಣುಕುಗಳನ್ನು ಒಟ್ಟು ಭಿನ್ನ ತುಣುಕುಗಳಿಂದ ಭಾಗಿಸುತ್ತದೆ. ಇಂಗ್ಲಿಷ್ ಲಿಪಿಯ ಎರಡು ‘ಕೆ’ಗಳ ದೊಡ್ಡನೆಕ್ಕುಂದಿಗೆ 14, ‘ದೊಡ್ಡೆನಕುಂದಿ’ಗೆ 13 ತುಣುಕುಗಳಿದ್ದು, ಸಮಾನವಾದವು 8, ಒಟ್ಟು ಭಿನ್ನವಾದವು 19 ಆಗುವುದರಿಂದ ಹೋಲಿಕೆ ಸುಮಾರು 0.42 ಆಗಿ, 0.3ರ ರೂಢಿಯ ಮಿತಿಯನ್ನು ದಾಟುತ್ತದೆ. ಸರ್ಜಾಪುರ ರಸ್ತೆ ಕಡೆಯ ದೊಡ್ಡಕನ್ನೆಲ್ಲಿಗೆ ಎರಡು ‘ಕೆ’ಗಳ ದೊಡ್ಡನೆಕ್ಕುಂದಿಯೊಂದಿಗಿನ ಹೋಲಿಕೆ 0.22 ಮಾತ್ರವಾದ್ದರಿಂದ ಅದು ಫಲಿತಾಂಶದೊಳಗೆ ನುಸುಳುವುದಿಲ್ಲ.

ಚಿಕ್ಕ ಹೆಸರುಗಳ ಮುಂದೆ ಈ ಜಾಣತನ ಸೋಲುತ್ತದೆ. ವೈಟ್‌ಫೀಲ್ಡ್ ಬಳಿಯ ಹೂಡಿಯನ್ನು ಎರಡು ‘ಓ’ ಬದಲು ಒಂದು ‘ಯು’ ಹಾಕಿ ಬರೆದರೆ ಹೋಲಿಕೆ 0.22ಕ್ಕೆ ಕುಸಿಯುತ್ತದೆ, ಮಿತಿಯನ್ನು ಅಲ್ಲಿಗಿಳಿಸಿದರೆ ದೊಡ್ಡಕನ್ನೆಲ್ಲಿಯಂಥವು ಅನಗತ್ಯವಾಗಿ ಎದ್ದುಬರಬಹುದು. ಅಂಥ ಊರುಗಳಿಗೆ ಬಳಕೆಯಲ್ಲಿರುವ ಬೇರೆ ಕಾಗುಣಿತಗಳನ್ನು ಕೋಷ್ಟಕವೊಂದರಲ್ಲಿ ಕೈಯಾರೆ ಬರೆದಿಟ್ಟು, ಮೊದಲು ಅದನ್ನೇ ನೋಡುವಂತೆ ಮಾಡುವುದು ಹಳೆಯದಾದರೂ ನೆಚ್ಚಬಹುದಾದ ದಾರಿ.