ಏಳನೇ ತರಗತಿಯ ನಂತರದ ಹಾದಿ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳ ಹಿನ್ನೆಲೆ

ತುಮಕೂರು: ಶಿರಾ ತಾಲ್ಲೂಕಿನ ಮದಲೂರು ಎಂದೊಡನೆ ರಾಜ್ಯದ ಓದುಗರಿಗೆ ನೆನಪಾಗುವುದು ಅಲ್ಲಿನ ಕೆರೆ. 2020ರ ಶಿರಾ ವಿಧಾನಸಭಾ ಉಪಚುನಾವಣೆಯಲ್ಲಿ ಆ ಕೆರೆಗೆ ಹೇಮಾವತಿ ನೀರು ಹರಿಸುವ ಭರವಸೆ ಪ್ರಮುಖ ವಿಷಯವಾಗಿತ್ತು. ಮಳೆಯನ್ನೇ ನಂಬಿದ ಈ ಸೀಮೆಯ ಕುಟುಂಬಗಳಿಗೆ ನೀರಿನಂತೆಯೇ ಕಾಡುತ್ತ ಬಂದಿರುವ ಇನ್ನೊಂದು ಪ್ರಶ್ನೆಯಿದೆ. ಏಳನೇ ತರಗತಿ ಮುಗಿಸಿದ ಮಗು ಮುಂದಿನ ಓದಿಗೆ ಎಷ್ಟು ದೂರ ಹೋಗಬೇಕು?

ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ದೃಷ್ಟಿಯಲ್ಲಿ ಅದು ಎರಡು. ಜಿಲ್ಲೆಯ 10 ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಚಿಕ್ಕೋಡಿ ಮತ್ತು ಶಿರಸಿಯಂತೆ ಮಧುಗಿರಿಯೂ ಕಂದಾಯ ಜಿಲ್ಲಾ ಕೇಂದ್ರವಲ್ಲ. ಆದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ಅದರ ಹೆಸರು ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತದೆ. ಪಾವಗಡವು ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರದಲ್ಲಿದ್ದು, ಬಹುಪಾಲು ಆಂಧ್ರಪ್ರದೇಶದ ಗಡಿಯಿಂದ ಸುತ್ತುವರಿದಿದೆ. ಮನೆಯಲ್ಲಿ ತೆಲುಗು ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಅಲ್ಲಿ ಅನೇಕ. ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲೇ ಇರುವುದರಿಂದ ಈ ಭಾಗದ ಶಿಕ್ಷಕರಿಗೆ ತುಮಕೂರಿನವರೆಗಿನ ಪ್ರಯಾಣ ಎಷ್ಟೋ ಉಳಿಯುತ್ತದೆ.

ಇತಿಹಾಸದ ನೋಟ

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಆರಂಭವಾದದ್ದು 1857ರಲ್ಲಿ, ಬ್ರಿಟಿಷ್ ಕಮಿಷನರ್ ಆಡಳಿತದ ಕಾಲದಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ಆರಂಭವಾಯಿತು. ಅದೇ ಮುಂದೆ ಸೆಂಟ್ರಲ್ ಕಾಲೇಜು ಎನಿಸಿತು. ಗ್ರಾಮಾಂತರಕ್ಕೆ ದೊರೆತದ್ದು 1868ರ ಹೋಬಳಿ ಶಾಲೆಗಳ ಯೋಜನೆ. ಬಿ.ಎಲ್. ರೈಸ್ ರೂಪಿಸಿದ ಈ ಯೋಜನೆಯ ಗುರಿ ಹೋಬಳಿಗೊಂದು ಶಾಲೆ ಎಂಬುದಾಗಿತ್ತು. ಆದರೆ ಅವು ಕನ್ನಡದ ಪ್ರಾಥಮಿಕ ಶಾಲೆಗಳು. ಹೈಸ್ಕೂಲು ಎಂಬುದು ಬಹುಕಾಲ ಪಟ್ಟಣದ ಸೊತ್ತಾಗಿಯೇ ಉಳಿಯಿತು. ಹಳ್ಳಿಯ ಹುಡುಗ ಮುಂದೆ ಓದಬೇಕಾದರೆ ಪಟ್ಟಣದಲ್ಲಿ ನೆಂಟರ ಮನೆ, ವಿದ್ಯಾರ್ಥಿನಿಲಯ ಇಲ್ಲವೇ ವಾರಾನ್ನವನ್ನು ಆಶ್ರಯಿಸಬೇಕಿತ್ತು. ಹುಡುಗಿಯರಿಗೆ ಈ ಅವಕಾಶವೂ ವಿರಳವಾಗಿತ್ತು.

ಸ್ವಾತಂತ್ರ್ಯಾನಂತರ ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳು ಹೋಬಳಿ ಕೇಂದ್ರಗಳಿಗೂ ದೊಡ್ಡ ಗ್ರಾಮಗಳಿಗೂ ಹರಡಿದವು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗಾಗಿ 1966ರಲ್ಲಿ ಪ್ರತ್ಯೇಕ ಮಂಡಳಿ ರಚನೆಯಾಯಿತು. 2022ರಿಂದ ಅದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಗಿದೆ.

ಸೈಕಲ್ಲು, ಊಟ ಮತ್ತು 5 ಕಿ.ಮೀ.

ಶಾಲೆ ಹತ್ತಿರ ಬಂದರೂ ಹಾದಿ ಪೂರ್ತಿ ಸವೆಯಲಿಲ್ಲ. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲಾರಂಭಿಸಿತು. 2007-08ರಲ್ಲಿ ಮಧ್ಯಾಹ್ನದ ಬಿಸಿಯೂಟ ಪ್ರೌಢಶಾಲೆಗೂ ವಿಸ್ತರಿಸಿತು. 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನವು ಪ್ರತಿ ಜನವಸತಿಯಿಂದ 5 ಕಿ.ಮೀ. ಒಳಗೆ ಪ್ರೌಢಶಾಲೆ ಇರಬೇಕೆಂಬ ಗುರಿ ಇರಿಸಿತು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ 8ನೇ ತರಗತಿಯವರೆಗೆ ಮಾತ್ರ ಅನ್ವಯಿಸುತ್ತದೆ. 9 ಮತ್ತು 10ನೇ ತರಗತಿಗೆ ಆ ಕಾನೂನಿನ ಆಸರೆಯಿಲ್ಲ. ನಮ್ಮ ರಾಜ್ಯದ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಪ್ರಾಥಮಿಕ ಶಾಲೆ ಏಳಕ್ಕೇ ಮುಗಿಯುವುದರಿಂದ, ಹದಿಮೂರರ ಹರೆಯದಲ್ಲೇ ಮಗು ಶಾಲೆ ಬದಲಿಸಬೇಕು. ಬಸ್ಸಿನ ಸಮಯ ತಪ್ಪಿದರೆ, ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾದರೆ, ಮಗಳನ್ನು ಪರವೂರಿಗೆ ಕಳುಹಿಸಲು ಹೆತ್ತವರು ಅಂಜಿದರೆ ಓದು ನಿಲ್ಲುವುದು ಈ ತಿರುವಿನಲ್ಲಿಯೇ.

ಮುಂದೇನು?

2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಶಿಕ್ಷಣ ಒದಗಿಸುತ್ತವೆ. ಆ ಆವರಣದಲ್ಲಿ ಓದುವ ಮಗುವಿಗೆ ಏಳನೇ ತರಗತಿಯ ತಿರುವೇ ಇಲ್ಲ. ಆದರೆ ಇಂತಹ ದೊಡ್ಡ ಶಾಲೆಗಾಗಿ ಸುತ್ತಲಿನ ಸಣ್ಣ ಶಾಲೆಗಳನ್ನು ವಿಲೀನಗೊಳಿಸಿದರೆ, ಹೋಬಳಿ ಶಾಲೆಗಳ ಕಾಲದಿಂದ ಕಡಿಮೆಯಾಗುತ್ತ ಬಂದ ದೂರ ಮತ್ತೆ ಹೆಚ್ಚೀತು. ಅದೂ ಒಂದನೇ ತರಗತಿಯ ಮಗುವಿಗೇ. ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿ ಎಷ್ಟನೇ ಸ್ಥಾನದಲ್ಲಿದೆ ಎಂದು ಪ್ರತಿವರ್ಷ ಕೇಳುತ್ತೇವೆ. ಆದರೆ ಆ ಪಟ್ಟಿ ಲೆಕ್ಕ ಹಾಕುವುದು ಪರೀಕ್ಷೆ ಬರೆದವರನ್ನು ಮಾತ್ರ. ಹತ್ತನೇ ತರಗತಿ ತಲುಪದ ಮಕ್ಕಳ ಲೆಕ್ಕವನ್ನೂ ಕೇಳುವುದು ಅಷ್ಟೇ ಅಗತ್ಯ.